ಕೆಮ್ಮಣ್ಣಿನ ಚರಿತ್ರೆಯನ್ನು ಬರೆಯುವವರಾರು?

ಹುಪರಿಯ ಹೆಸರನ್ನು ಕೇಳಿದೊಡನೆ ಹೊರಗಿನವರಿಗೆ ಬೆಳ್ಳಿಯ ಕಾಲ್ಗೆಜ್ಜೆಯ ನೆನಪಾಗುವುದು ಸಹಜ. ಬೆಳ್ಳಿಯನ್ನು ತೂಗಿ ಬೆಲೆಕಟ್ಟಬಲ್ಲ ಈ ಸೀಮೆಯ ಜನ ಕುಸ್ತಿಯಲ್ಲಿ ಗೆದ್ದವನ ಹೆಗಲನ್ನೇರುವ ಬೆಳ್ಳಿಯ ಗದೆಯನ್ನೂ ಬಲ್ಲರು. ಆದರೆ ಆ ಗದೆಯನ್ನು ಹಿಡಿದ ಕೈಗಳ ಚರಿತ್ರೆಯನ್ನು ಬರೆದಿಡುವ ಕೆಲಸದಲ್ಲಿ ಮಾತ್ರ ನಾವು ಹಿಂದೆಬಿದ್ದಿದ್ದೇವೆ. ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ವಾಚಕರ ಮುಂದೆ ಇಡಬೇಕೆಂದಿರುವುದು ಇದೊಂದೇ ಮಾತು.

ಆಟವೆಂದರೆ ಹುಡುಗಾಟ, ಅದರಲ್ಲಿ ವಿದ್ವಾಂಸರಿಗೇನು ಕೆಲಸ ಎಂದು ಕೇಳುವವರು ಇಂದಿಗೂ ಇದ್ದಾರೆ. ಹಾಲೆಂಡಿನ ಇತಿಹಾಸಕಾರ ಹೈಜಿಂಗಾ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ಸಂಸ್ಕೃತಿಯ ಬೇರುಗಳನ್ನು ಆಟದಲ್ಲಿಯೇ ಹುಡುಕಿದನು. ಟ್ರಿನಿಡಾಡ್ ದ್ವೀಪದ ಸಿ. ಎಲ್. ಆರ್. ಜೇಮ್ಸ್ 1963ರ ತಮ್ಮ ಪುಸ್ತಕದಲ್ಲಿ ಕ್ರಿಕೆಟ್ಟಿನ ಮೂಲಕ ಪರಾಧೀನ ಜನಾಂಗವೊಂದರ ಆತ್ಮಗೌರವದ ಕಥೆಯನ್ನು ಹೇಳಿದರು. 1972ರಲ್ಲಿ ಉತ್ತರ ಅಮೆರಿಕದಲ್ಲಿ ಕ್ರೀಡಾ ಇತಿಹಾಸಕ್ಕೆಂದೇ ಒಂದು ವಿದ್ವತ್ಸಂಘ ಹುಟ್ಟಿತು. 1974ರಿಂದ ಅದರ ಪತ್ರಿಕೆ ಹೊರಬೀಳತೊಡಗಿತು. 1984ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಇಂತಹುದೇ ಪತ್ರಿಕೆ 1987ರಲ್ಲಿ ಅಂತರರಾಷ್ಟ್ರೀಯವೆಂಬ ಹೆಸರನ್ನು ಪಡೆಯಿತು. ಇಂತಹ ಪತ್ರಿಕೆಗಳಿಗೆ ಬಂದ ಲೇಖನವನ್ನು ಆ ವಿಷಯವನ್ನು ಬಲ್ಲ ಬೇರೆ ವಿದ್ವಾಂಸರು ಓದಿ, ಆಧಾರವೆಲ್ಲಿ ಎಂದು ಕೇಳಿ, ತಿದ್ದಿಸಿದ ಮೇಲೆಯೇ ಅಚ್ಚಿಗೆ ಕಳುಹಿಸುತ್ತಾರೆ. ಆಧಾರವಿಲ್ಲದ ಮಾತಿಗೆ ಅಲ್ಲಿ ಎಡೆಯಿಲ್ಲ.

ನಮ್ಮ ನಾಡಿಗೆ ಈ ವಿದ್ಯೆ ಹೊಸತೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೂ ಒಂದು ಭಾಗ. ಮಲ್ಲರನ್ನು ವಯಸ್ಸು, ಬಲಗಳಿಗನುಸಾರವಾಗಿ ವಿಂಗಡಿಸುವುದು, ಅವರಿಗೆ ತಕ್ಕ ಆಹಾರ, ಅವರ ಅಭ್ಯಾಸ ಇವೆಲ್ಲ ಅಲ್ಲಿ ವಿಚಾರಕ್ಕೆ ಬಂದಿವೆ. ಕನ್ನಡ ನಾಡಿನ ದೊರೆಯ ಈ ಗ್ರಂಥವನ್ನು 1925ರಿಂದ 1961ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚುಹಾಕಿದ ಕೀರ್ತಿ ಬರೋಡೆಯದು. ಅದೇ ಬರೋಡೆಯಿಂದ 1936–1949ರ ನಡುವೆ ಮಜುಂದಾರರ ಸಂಪಾದಕತ್ವದಲ್ಲಿ ಮರಾಠಿಯ ‘ವ್ಯಾಯಾಮ ಜ್ಞಾನಕೋಶ’ ಹತ್ತು ಸಂಪುಟಗಳಾಗಿ ಹೊರಬಂದಿತು. ನೆರೆಯ ಭಾಷೆಯವರ ಈ ಸಾಹಸವನ್ನು ನಾವು ಮತ್ಸರವಿಲ್ಲದೆ ಮೆಚ್ಚಬೇಕು, ಮೆಚ್ಚಿ ಕಲಿಯಬೇಕು.

ಇತ್ತೀಚಿನ ಸಂಶೋಧಕರು ಗ್ರಂಥಾಲಯದಿಂದೆದ್ದು ಅಖಾಡಕ್ಕೇ ಇಳಿದಿದ್ದಾರೆ. ಜೋಸೆಫ್ ಆಲ್ಟರ್ ಎಂಬ ಮಾನವಶಾಸ್ತ್ರಜ್ಞರು ಕಾಶಿಯ ಅಖಾಡಗಳಲ್ಲಿ ಮಲ್ಲರೊಡನಿದ್ದು, ಅವರ ಊಟ, ಬ್ರಹ್ಮಚರ್ಯ, ಗುರುಭಕ್ತಿಗಳನ್ನು ಕಣ್ಣಾರೆ ಕಂಡು ಬರೆದ ಗ್ರಂಥ 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ರಣಜಯ ಸೇನರು 2015ರಲ್ಲಿ ಭಾರತದ ಕ್ರೀಡೆಗಳ ಸಮಗ್ರ ಇತಿಹಾಸವನ್ನು ಹೊರತಂದರು. ಹೀಗೆ ಕಾಶಿಯ ಮಣ್ಣು ದೂರದೇಶಗಳ ಗ್ರಂಥಾಲಯಗಳನ್ನು ಸೇರಿದೆ. ನಮ್ಮ ಮಣ್ಣಿನ ಗತಿಯೇನು?

ನಮ್ಮ ಮಣ್ಣಿನ ಹಿರಿಮೆ ಸಣ್ಣದಲ್ಲ. 1894ರಿಂದ 1922ರವರೆಗೆ ಕೊಲ್ಲಾಪುರವನ್ನಾಳಿದ ಶಾಹು ಮಹಾರಾಜರು ಮಲ್ಲರಿಗೆ ಕಲ್ಪವೃಕ್ಷವಾಗಿದ್ದರು. 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನ ಅವರ ಔದಾರ್ಯಕ್ಕೆ ಇಂದಿಗೂ ಸಾಕ್ಷಿ. ಕರಾಡದ ಬಳಿಯ ಗೋಳೇಶ್ವರದಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಕ್ರೀಡಾಳು ತಂದ ಮೊದಲ ಒಲಿಂಪಿಕ್ ಪದಕವದು. ಶಿಷ್ಯನ ಪ್ರಯಾಣದ ವೆಚ್ಚಕ್ಕಾಗಿ ಆ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಅಂತಹ ಪದಕ ಭಾರತಕ್ಕೆ ಮತ್ತೆ ಬಂದುದು 44 ವರ್ಷಗಳ ಮೇಲೆ, 1996ರಲ್ಲಿ. ಆದರೂ ಜಾಧವರು 1984ರಲ್ಲಿ ತೀರಿಕೊಳ್ಳುವವರೆಗೆ ಅರ್ಜುನ ಪ್ರಶಸ್ತಿ ಅವರ ಕೈಸೇರಲಿಲ್ಲ; ಅದು ಮರಣಾನಂತರ ಬಂದಿತು. ಬರೆದಿಡದ ಕೀರ್ತಿ ಎಷ್ಟು ಬೇಗ ಮಾಸುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರದ ಹೆಸರೊಂದಿದೆ. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ಮೊಟ್ಟಮೊದಲ ‘ಹಿಂದ್ ಕೇಸರಿ’ ಎನಿಸಿಕೊಂಡ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಎಕ್ಸಂಬೆಯವರು. ಅವರನ್ನು ಬೆಳೆಸಿದುದು ಕೊಲ್ಲಾಪುರದ ತಾಲೀಮು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಎಕ್ಸಂಬೆ ಮೈಸೂರು ರಾಜ್ಯಕ್ಕೆ ಸೇರಿತ್ತು, ಕೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದಿತ್ತು. ನಕಾಶೆಯ ಮೇಲೆ ಗೆರೆ ಬಿದ್ದು ಮೂರೇ ವರ್ಷಗಳಾಗಿದ್ದಾಗ, ಆ ಗೆರೆಯ ಎರಡೂ ಬದಿಗೆ ಸೇರಿದ ಮಲ್ಲನೊಬ್ಬನು ಭಾರತದ ಕೇಸರಿಯಾದನು. ಕುಸ್ತಿಯ ಕಣದ ಮಣ್ಣು ಯಾರ ಮಾತೃಭಾಷೆಯನ್ನೂ ಕೇಳುವುದಿಲ್ಲ. ಆ ಮಹನೀಯರು 2020ರ ಡಿಸೆಂಬರಿನಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಕೊಲ್ಲಾಪುರದಲ್ಲಿ ಕಾಲವಶರಾದರು.

ಇನ್ನು ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಕುಮಾರವ್ಯಾಸನ ಕೀಚಕವಧೆಯ ಪ್ರಸಂಗವನ್ನು ಪಾಠಮಾಡುತ್ತಿದ್ದೆವು. ಮಲ್ಲಯುದ್ಧದ ಪಟ್ಟುಗಳನ್ನು ವಿವರಿಸಲು ನಾವು ನಿಘಂಟನ್ನು ತಿರುವುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಗುರುಗಳೇ, ಇದು ನಮ್ಮ ಅಜ್ಜಗ ಗೊತ್ತೈತ್ರಿ” ಎಂದನು. ಅಂದೇ ಸಂಜೆ ಅವರ ಮನೆಗೆ ಹೋದೆವು. ಎಂಬತ್ತು ದಾಟಿದ ಆ ಹಿರಿಯರು ಹೊರಸಿನ ಮೇಲೆ ಕುಳಿತು, ಗಾಳಿಯಲ್ಲಿಯೇ ಕೈಯಾಡಿಸಿ ಒಂದೊಂದು ಪಟ್ಟನ್ನೂ ತೋರಿಸಿದರು. ಢಾಕ, ಕಲಾಜಂಗ ಎಂದು ವಸ್ತಾದರು ಕಲಿಸಿದ ಹೆಸರುಗಳೊಡನೆ, ತಮ್ಮೂರ ಗರಡಿಯಲ್ಲಿ ಆಡುತ್ತಿದ್ದ ಕನ್ನಡದ ಹೆಸರುಗಳನ್ನೂ ಹೇಳಿದರು. ಬೇಸಗೆಯ ರಜೆಯಲ್ಲಿ ಬಂದು ಎಲ್ಲವನ್ನೂ ಬರೆದುಕೊಳ್ಳುವೆವೆಂದು ಮಾತುಕೊಟ್ಟು ಬಂದೆವು. “ಬರ್ರಿ ಗುರುಗಳ, ನಾ ಎಲ್ಲಿ ಹೊಕ್ಕೀನಿ” ಎಂದು ನಕ್ಕರು. ರಜೆ ಬರುವುದಕ್ಕೆ ಮೊದಲೇ ಅವರು ಹೊರಟುಹೋದರು. ಆ ಕನ್ನಡದ ಹೆಸರುಗಳಲ್ಲಿ ಒಂದೂ ಇಂದು ನಮ್ಮ ನೆನಪಿನಲ್ಲಿಲ್ಲ.

ಕೊಲ್ಲಾಪುರದ ಶಿಲಾಹಾರರ ಕಾಲದ ದಾನಗಳನ್ನು ನಾವಿಂದು ಅರಿತಿರುವುದು ಅವರು ಅವುಗಳನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆಯಿಸಿದುದರಿಂದ. ನಮಗೆ ಕಲ್ಲು ಬೇಕಿಲ್ಲ, ಎರಡು ಕಾಸಿನ ಕಾಗದ ಸಾಕು. ಆದಕಾರಣ ಪ್ರತಿಯೊಂದು ಮನೆಯವರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ನಿಮ್ಮ ಮನೆಯಲ್ಲಿ ಸಾಮು ತೆಗೆದ ಹಿರಿಯರಿದ್ದರೆ ಅವರ ಬಳಿ ಕುಳಿತುಕೊಳ್ಳಿರಿ. ಯಾವ ಊರ ಗರಡಿ, ಯಾರು ವಸ್ತಾದರು, ಯಾವ ಜಾತ್ರೆಯಲ್ಲಿ ಯಾರೊಡನೆ ಹಿಡಿದ ಕುಸ್ತಿ, ಕಣದ ಮಣ್ಣನ್ನು ಹದಮಾಡುತ್ತಿದ್ದುದು ಹೇಗೆ, ಪಟ್ಟುಗಳಿಗೆ ಅವರಾಡುವ ಹೆಸರೇನು ಎಂದು ಕೇಳಿರಿ. ಅವರ ಬಾಯಿಂದ ಬಂದ ಮಾತನ್ನು ತಿದ್ದದೆ ಹಾಗೆಯೇ ಬರೆಯಿರಿ. ಬರೆದ ದಿನಾಂಕವನ್ನು ಮರೆಯದೆ ಹಾಕಿರಿ. ಹಳೆಯ ಕುಸ್ತಿಯ ಹಸ್ತಪತ್ರಿಕೆಯಾಗಲಿ ಛಾಯಾಚಿತ್ರವಾಗಲಿ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕಬೇಡಿರಿ. ನಾಳೆ ಆಧಾರವೆಲ್ಲಿ ಎಂದು ವಿದ್ವಾಂಸರು ಕೇಳಿದಾಗ ಮುಂದಿಡಬೇಕಾದುದು ಇವುಗಳನ್ನೇ.

ಈ ಕೆಲಸಕ್ಕೆ ಮುಂದಿನ ರಜೆಯನ್ನು ಕಾಯಬೇಡಿರಿ. ನಾವು ಕಾದು ಕಳೆದುಕೊಂಡಿದ್ದೇವೆ.