ನೀರಿನೊಳಗಿನ ಹಿರೇಭಾಸ್ಕರ ಅಣೆಕಟ್ಟು

ಮಳೆ ಕಡಿಮೆಯಾದ ವರ್ಷಗಳ ಬೇಸಗೆಯಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯವು ಬಹುವಾಗಿ ಬತ್ತಿದಾಗ, ಅದರ ಒಡಲಿನಿಂದ ಮತ್ತೊಂದು ಅಣೆಕಟ್ಟು ತಲೆಯೆತ್ತುತ್ತದೆ. ಮಡೆನೂರಿನ ಬಳಿ ಕಟ್ಟಿದ ಈ ಕಟ್ಟಡಕ್ಕೆ ಹಿರೇಭಾಸ್ಕರ ಅಣೆಕಟ್ಟೆಂದು ಹೆಸರು. ಅಣೆಕಟ್ಟಿನಿಂದ ಊರುಗಳು ಮುಳುಗುವುದು ಎಲ್ಲರೂ ಬಲ್ಲ ಸಂಗತಿ. ಅಣೆಕಟ್ಟೇ ಮುಳುಗಿದ ವೃತ್ತಾಂತವು ಅಪರೂಪವಾದದ್ದು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಸಾಗಿಸಿದ ಮೈಸೂರು ಸಂಸ್ಥಾನಕ್ಕೆ, ಕೈಗಾರಿಕೆಗಳು ಬೆಳೆದಂತೆಲ್ಲ ಆ ಶಕ್ತಿಯು ಸಾಲದಾಯಿತು. ಆಗ ಕಣ್ಣು ಬಿದ್ದದ್ದು 830 ಅಡಿ ಧುಮುಕುವ ಜೋಗದ ಮೇಲೆ. 1939ರಲ್ಲಿ ಕೃಷ್ಣರಾಜೇಂದ್ರ ಒಡೆಯರ ಹೆಸರಿನಿಂದ ಆರಂಭವಾದ ಯೋಜನೆಯು, ಮಹಾಯುದ್ಧವು ನಡುವೆ ಬಂದುದರಿಂದ, 1948ರ ಫೆಬ್ರವರಿಯಲ್ಲಿ ಫಲ ಕೊಟ್ಟಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಾಯಿತು. ಹಿರೇಭಾಸ್ಕರದಲ್ಲಿ ಮಳೆಗಾಲದ ನೀರನ್ನು ತಡೆದಿಟ್ಟು, ಬೇಕಾದಷ್ಟನ್ನು ನದಿಗೆ ಬಿಡುವರು. ಕಾರ್ಗಲ್ಲಿನ ಒಡ್ಡು ಅದನ್ನು ಕಾಲುವೆಗೆ ತಿರುಗಿಸುವುದು. ಅಲ್ಲಿಂದ ಶಿರೂರಿನ ಕೆರೆ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಕಮರಿಯ ತಳದ ಯಂತ್ರಾಗಾರ. ಎಂಟು ಯಂತ್ರಗಳು ಪೂರ್ತಿಯಾದಾಗ ಅವುಗಳ ಶಕ್ತಿಯು 1,20,000 ಕಿಲೋವಾಟ್ ಆಯಿತು.

ಈ ಅಣೆಕಟ್ಟಿನ ಸೈಫನ್‌ಗಳನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲಾಗದು. ಇವು ಮೈಸೂರಿನ ಇಂಜಿನಿಯರಾದ ಗಣೇಶ ಅಯ್ಯರ್ ಅವರ ಕಲ್ಪನೆಯ ಫಲ. ಜಲಾಶಯವು ತುಂಬಿ ನೀರು ಅಂಚನ್ನು ಮೀರಿದೊಡನೆ, ಅದು ಸುಳಿಸುಳಿಯಾಗಿ ಒಳಗಿಳಿದು ಕೊಳವೆಯೊಳಗಿನ ಗಾಳಿಯನ್ನು ಸೆಳೆದುಕೊಂಡು ಹೋಗುತ್ತದೆ. ಆಮೇಲೆ ಹೆಚ್ಚಿನ ನೀರು ತಾನಾಗಿಯೇ ರಭಸದಿಂದ ಹೊರಬೀಳುತ್ತದೆ. ಬಾಗಿಲೆತ್ತುವ ಆಳು ಬೇಡ, ಯಂತ್ರವೂ ಬೇಡ. ಇಷ್ಟು ಜಾಣ್ಮೆಯಿಂದ ಕಟ್ಟಿದುದಕ್ಕೆ ಹದಿನಾರೇ ವರ್ಷಗಳ ಆಯುಸ್ಸು!

ನಾಡಿನ ಬೇಡಿಕೆಯು ಮತ್ತೂ ಹೆಚ್ಚಿತು. 1964ರಲ್ಲಿ ಕೆಳಭಾಗದ ಲಿಂಗನಮಕ್ಕಿಯಲ್ಲಿ ಸುಮಾರು 151 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟು ಎದ್ದು, ಹಿರೇಭಾಸ್ಕರವು ಹಿನ್ನೀರಿನಲ್ಲಿ ಅಡಗಿತು. ತಳಕಳಲೆಯ ಮಾರ್ಗವಾಗಿ ಶರಾವತಿ ವಿದ್ಯುದಾಗಾರಕ್ಕೆ ನೀರು ಹರಿದು, ಅಲ್ಲಿ ಒಂದೊಂದಾಗಿ ಹತ್ತು ಯಂತ್ರಗಳು ನಿಂತವು; ಅವುಗಳ ಈಗಿನ ಒಟ್ಟು ಶಕ್ತಿ 1,035 ಮೆಗಾವಾಟ್. ಕಾಡಂಚಿನ ಕಾರ್ಗಲ್ಲು ನೌಕರರ ವಸತಿಗಳಿಂದ ತುಂಬಿ ಪಟ್ಟಣವಾಯಿತು.

ಪಟ್ಟಣವು ಬೆಳೆದ ಕಾಲದಲ್ಲಿಯೇ ಕಣಿವೆಯ ಮೇಲ್ಭಾಗವು ಬರಿದಾಯಿತೆಂಬುದನ್ನು ಯೋಜನೆಯ ಹೊಗಳಿಕೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅಡಕೆತೋಟ, ಗದ್ದೆ, ದೇವಸ್ಥಾನ, ಮನೆದೇವರ ಬನ, ಎಲ್ಲವೂ ನೀರಿಗೆ ಸಂದವು. ತಲೆಮಾರುಗಳಿಂದ ಉತ್ತು ಬಿತ್ತಿದ ಕುಟುಂಬಗಳನ್ನು ಶಿವಮೊಗ್ಗೆಯ ಕಡೆಯ ಅರಣ್ಯಪ್ರದೇಶಗಳಿಗೆ ಸಾಗಿಸಿದರು. ಅಲ್ಲಿ ಕಾಡು ಕಡಿದು ಸಾಗುವಳಿ ಮಾಡಿದರೂ, ಭೂಮಿಯು ಕಾಗದದಲ್ಲಿ ಅರಣ್ಯವಾಗಿಯೇ ಉಳಿದುದರಿಂದ, ಹಲವರಿಗೆ ಹಕ್ಕುಪತ್ರವಿಲ್ಲದೆ ದಶಕಗಳು ಉರುಳಿದವು. ಯಂತ್ರಾಗಾರಕ್ಕೆ ದಿನ ಗೊತ್ತುಮಾಡಿ ಮುಗಿಸಬಲ್ಲ ಸರ್ಕಾರವು ಈ ಕಾಗದವನ್ನು ಮುಗಿಸಲಾರದೆ ಹೋದುದು ಸೋಜಿಗವೇ ಸರಿ.

ಊರುಬಿಡದೆ ಉಳಿದವರ ಪಾಡೂ ಹಗುರವಾಗಿರಲಿಲ್ಲ. ಕರೂರು ಸೀಮೆಯ ತುಮರಿ ಮೊದಲಾದ ಹಳ್ಳಿಗಳಿಗೆ ತಾಲ್ಲೂಕಿನ ಕೇಂದ್ರವಾದ ಸಾಗರದ ನೇರ ದಾರಿಯೇ ನೀರಿನಡಿ ಹೋಯಿತು. ಆಸ್ಪತ್ರೆಗೆ ಹೊರಟ ರೋಗಿಯೂ ಪರೀಕ್ಷೆಗೆ ಹೊರಟ ಹುಡುಗನೂ ಲಾಂಚಿನ ವೇಳೆಯನ್ನೇ ಕಾಯಬೇಕು. ಸಂಜೆ ಲಾಂಚು ನಿಂತರೆ ಮರುದಿನ ಬೆಳಗಿನವರೆಗೆ ತಡೆಯಬೇಕು, ಇಲ್ಲವೇ ಬಹುದೂರ ಸುತ್ತಬೇಕು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆಯು ತೆರೆದದ್ದು 2025ರ ಜುಲೈಯಲ್ಲಿ, ಅಂದರೆ ನೀರು ನಿಂತ ಅರುವತ್ತೊಂದನೆಯ ವರ್ಷದಲ್ಲಿ.