ಹೆಸರು ಗೊತ್ತು, ನಂಬರ್ ಯಾರ ಹತ್ತಿರ?

ಬೆಟಗೇರಿಯ ನಮ್ಮ ಮನೆಯಲ್ಲಿ ಅಕ್ಕನ ಮಗಳಿಗೆ ಅರ್ಜಿ ತುಂಬಲು ಅಂದೇ ಕೊನೆಯ ದಿನ. ‘ಮಾಮಾ, ರೂಟರ್ ದೀಪ ಹತ್ತೇತಿ, ಸೈಟ್ ಒಂದೂ ತೆರಿವಲ್ದು’ ಅಂದಳು. 8.8.8.8ಕ್ಕೆ ಪಿಂಗ್ ಮಾಡಿದೆ, ಉತ್ತರ ಬಂತು. ಅಂದರೆ ದಾರಿ ಸರಿಯಿದೆ. ಹೆಸರಿಗೆ ನಂಬರ್ ಹೇಳುವ ಡಿಎನ್ಎಸ್ ಮಾತ್ರ ಮೌನ.

1970ರ ದಶಕದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ನಂಬರ್ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದುತ್ತಿತ್ತು, ಉಳಿದವರು ನಕಲು ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ನಕಲು ಹಳತಾಗುತ್ತಿತ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಆ ಕಡತವನ್ನೇ ಒಡೆದರು: ಅವರವರ ಹೆಸರುಗಳ ಲೆಕ್ಕ ಅವರವರಲ್ಲೇ. ಎಲ್ಲದಕ್ಕೂ ಧಾರವಾಡಕ್ಕೆ ಓಡುತ್ತಿದ್ದ ನಾವು 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಇಲ್ಲೇ ವಿಚಾರಿಸತೊಡಗಿದೆವಲ್ಲ, ಹಾಗೆ.

ಮನೆಯ ರೂಟರಿಗೆ ಸ್ವಂತ ಜ್ಞಾನವಿಲ್ಲ. ನಾವು ಕೇಳಿದ್ದನ್ನು ಕಂಪನಿಯ ಸರ್ವರಿಗೆ ದಾಟಿಸುತ್ತದೆ, ಅಷ್ಟೆ. ಅದರ ಸೆಟ್ಟಿಂಗ್ ಪುಟದಲ್ಲಿ ಕಂಪನಿಯ ವಿಳಾಸ ಅಳಿಸಿ, ಗೂಗಲ್ 2009ರಲ್ಲಿ ತೆರೆದ 8.8.8.8 ಬರೆದು, ರೂಟರ್ ಆರಿಸಿ ಹಚ್ಚಿದೆ. ಅರ್ಜಿಯ ಪುಟ ತೆರೆಯಿತು.

‘ಹಂಗಾರ ನಾ ಏನ್ ನೋಡ್ತೀನಿ ಅಂತ ಗೂಗಲ್‌ಗೆ ಗೊತ್ತಾಗ್ತೇತಿ?’

‘ಯಾವ ಸೈಟಿನ ಹೆಸರು ಕೇಳಿದಿ ಅನ್ನೂದು ಗೊತ್ತಾಗ್ತೇತಿ. ಇಷ್ಟು ದಿನ ಅದು ಕಂಪನಿಗೆ ಗೊತ್ತಿತ್ತು.’