ನೂರ ಇಪ್ಪತ್ತೆಂಟು ಮನೆಗಳಾಚೆಯ ಅಕ್ಷರ

ಶಾಸನಗಳಲ್ಲಿ ಪೆಂಜೆರು, ಹೆಂಜೆರು ಎಂದು ಕಾಣಿಸಿಕೊಳ್ಳುವ ನಮ್ಮ ಹೇಮಾವತಿ ಒಂದು ಕಾಲಕ್ಕೆ ನೊಳಂಬ ಪಲ್ಲವರ ರಾಜಧಾನಿ. ಈ ಊರಿನ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುವ ಮೊದಲೇ ಗುಡಿಯ ಕಲ್ಲುಗಳ ಮೇಲೆ ಅಕ್ಷರವನ್ನು ಕಂಡವರು. ನಮ್ಮ ಶಾಲೆ ಆರಂಭವಾದಾಗ ಈ ಸೀಮೆ ಮದರಾಸು ಪ್ರಾಂತದಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯಕ್ಕೆ, 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಭಾಗವು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಶಾಲೆ ಇದ್ದಲ್ಲೇ ಇತ್ತು. ಅದರ ವಿಳಾಸ ಮಾತ್ರ ಮೂರು ಬಾರಿ ಬದಲಾಯಿತು.

ಈ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸಲು ಕುಳಿತ ನಮಗೆ ಮೊದಲ ವಾರದಲ್ಲೇ ಎರಡು ತೊಡಕುಗಳು ಎದುರಾದವು. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ವಿದ್ಯಾರ್ಥಿಗಳ ಹೆಸರುಗಳು ಕನ್ನಡದಲ್ಲಿ, ಮಸಿಯಲ್ಲಿ ಬರೆಯಲ್ಪಟ್ಟಿವೆ. ಈಚಿನ ವರ್ಷಗಳ ಪಟ್ಟಿಯಾದರೋ ಗಣಕದಲ್ಲಿ ಸಿದ್ಧವಾದದ್ದು, ತೆಲುಗು ಲಿಪಿಯಲ್ಲಿರುವುದು. ಅಷ್ಟೂ ಹೆಸರುಗಳನ್ನು ಮತ್ತೆ ಕನ್ನಡದಲ್ಲಿ ಬೆರಳಚ್ಚು ಮಾಡುವಷ್ಟು ಕಾಲಾವಕಾಶ ನಮಗಿರಲಿಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಈಗ ನಮ್ಮೊಡನಿಲ್ಲದ ಗುರುಗಳೊಬ್ಬರು ಶಾಲೆಯ ಆರಂಭದ ದಿನಗಳನ್ನು ಕುರಿತು ಹದಿನಾಲ್ಕು ಪುಟಗಳ ಲೇಖನವೊಂದನ್ನು ಬರೆದು ಡಿ.ಟಿ.ಪಿ. ಮಾಡಿಸಿಟ್ಟಿದ್ದರು. ಕೈಬರಹದ ಪ್ರತಿ ಕಳೆದುಹೋಗಿದೆ. ಅವರ ಮನೆಯವರು ಜೋಪಾನ ಮಾಡಿದ್ದ ಸಿ.ಡಿ.ಯನ್ನು ತೆರೆದಾಗ ಕಂಡದ್ದು ಕನ್ನಡವಲ್ಲ. ಬಿಡಿಬಿಡಿ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಚುಕ್ಕಿಗಳಿರುವ ಯಾವುದೋ ಪರದೇಶದ ಲಿಪಿ. ನಮ್ಮ ಮಂಡಳಿಯಲ್ಲಿ ಮೂವರು ಅಧ್ಯಾಪಕರು. ಉಳಿದಿಬ್ಬರು ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು. ಈ ಎರಡು ಗಂಟುಗಳನ್ನು ಬಿಡಿಸುವ ನೆಪದಲ್ಲಿ ಕನ್ನಡದ ಅಕ್ಷರ ಗಣಕದೊಳಗೆ ಹೇಗೆ ನೆಲೆಗೊಂಡಿತೆಂಬ ಚರಿತ್ರೆಯನ್ನು ನಾವೆಲ್ಲರೂ ಒಟ್ಟಿಗೆ ಕಲಿಯಬೇಕಾಯಿತು.

ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಸಂಖ್ಯೆಯುಳ್ಳ ಒಂದು ಮನೆಯನ್ನು ಗೊತ್ತುಮಾಡಿ, ಆ ಸಂಖ್ಯೆ ಬಂದಾಗ ಈ ಚಿತ್ರವನ್ನು ತೋರಿಸೆಂದು ಹೇಳಿಕೊಡಬೇಕು. ಹಿಂದಿನ ಪದ್ಧತಿಯಲ್ಲಿ ಇಂತಹ ಮನೆಗಳು ಇದ್ದದ್ದು ಒಟ್ಟು 256. ಅವು ಇಂಗ್ಲಿಷಿಗೂ ಯೂರೋಪಿನ ಕೆಲವು ಭಾಷೆಗಳಿಗೂ ಹಂಚಿಹೋಗಿದ್ದವು. ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಕನ್ನಡದ ರೂಪಗಳು ಸಾವಿರಾರು. ಆ ಕಾಲದ ಕನ್ನಡ ತಂತ್ರಾಂಶಗಳನ್ನು ರಚಿಸಿದವರು ಹೂಡಿದ ಉಪಾಯ ಅಚ್ಚುಮೊಳೆ ಜೋಡಿಸುವವರ ಉಪಾಯವೇ: ಅಕ್ಷರವನ್ನು ತುಂಡುಗಳಾಗಿ ಒಡೆಯುವುದು. ತಲೆಕಟ್ಟಿಗೊಂದು ಮನೆ, ಕೊಂಬಿಗೊಂದು ಮನೆ, ದೀರ್ಘಕ್ಕೊಂದು, ಒಂದೊಂದು ಒತ್ತಿಗೂ ಒಂದೊಂದು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಈ ತುಂಡುಗಳನ್ನು ಬಾಡಿಗೆಗೆ ಕೂರಿಸಿದರು. ಆ ಫಾಂಟ್ ಇದ್ದ ಗಣಕದಲ್ಲಿ ಕಡತವು ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಗಣಕದಲ್ಲಿ ಮನೆಯ ಮೂಲ ಒಡೆಯರು ಹೊರಗೆ ಬಂದು ನಿಲ್ಲುತ್ತಿದ್ದರು. ನಮ್ಮ ಗುರುಗಳ ಲೇಖನಕ್ಕೆ ಆದದ್ದು ಇದೇ. ಪೌಂಡಿನ ಚಿಹ್ನೆ ಕಂಡಲ್ಲೆಲ್ಲ ಅವರು ಬರೆದದ್ದು ನಕಾರ.

ಆ ಪೀಳಿಗೆಯವರ ಕೆಲಸವನ್ನು ಇಂದು ಹಗುರವಾಗಿ ಕಾಣುವುದು ಸುಲಭ, ಆದರೆ ಅನ್ಯಾಯ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಪದ್ಮನಾಭ ರಾವ್, ಅಂದರೆ ಕನ್ನಡಿಗರೆಲ್ಲರಿಗೂ ತಿಳಿದಿರುವ ಕೆ. ಪಿ. ರಾವ್ ಅವರು, ಮುದ್ರಣದ ಉದ್ಯಮದಲ್ಲಿ ದುಡಿದು ಅಕ್ಷರದ ಒಳಗುಟ್ಟನ್ನು ಬಲ್ಲವರು. ಅವರು ರೂಪಿಸಿದ ಕೀಲಿಮಣೆಯಲ್ಲಿ ಕನ್ನಡವೆಲ್ಲವೂ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಅಡಗಿತು. ಅಲ್ಪಪ್ರಾಣಕ್ಕೆ ಒಂದು ಕೀಲಿ. ಅದನ್ನೇ ಶಿಫ್ಟಿನೊಡನೆ ಒತ್ತಿದರೆ ಮಹಾಪ್ರಾಣ. ಒತ್ತಕ್ಷರಕ್ಕೆ ನಡುವೆ ಒಂದು ಕೂಡುಕೀಲಿ. ಆಕಾರವನ್ನು ಜೋಡಿಸುವ ಬದಲು ಉಚ್ಚಾರಣೆಯ ಕ್ರಮದಲ್ಲಿ ಬರೆಯುತ್ತ ಹೋಗುವುದಷ್ಟೇ ಬೆರಳಿನ ಕೆಲಸ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ತಾವು ರಚಿಸಿದ ತಂತ್ರಾಂಶವನ್ನು ರಾವ್ ಅವರು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಅದೂ ಉಚಿತವಾಗಿಯೇ. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ಗಡಿಯ ಈಚೆಗಿನ ಶಾಲೆಗಳಿಗೆ ಈ 'ಉಚಿತ' ಎಂಬ ಮಾತಿನ ತೂಕ ಹೆಚ್ಚು. ಕರ್ನಾಟಕದ ಕಚೇರಿಗಳಿಗಾಗಿ ಆದ ಯಾವ ಏರ್ಪಾಡೂ ನಮ್ಮ ಪಾಲಿಗೆ ತಾನಾಗಿ ಒದಗುವುದಿಲ್ಲ. ಸ್ನೇಹಿತರ ಕೈಯಿಂದ ಕೈಗೆ ಬಂದದ್ದರಲ್ಲೇ ನಮ್ಮ ಪ್ರಶ್ನೆಪತ್ರಿಕೆಗಳೂ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಗಳೂ ಸಿದ್ಧವಾದವು.

ಗಮನಿಸಬೇಕಾದ ವಿಚಿತ್ರವೆಂದರೆ, ಈ ತಂತ್ರಾಂಶಗಳಲ್ಲಿ ಕೀಲಿಮಣೆ ಧ್ವನಿಯನ್ನು ಕೇಳುತ್ತಿತ್ತು, ಕಡತ ಆಕಾರವನ್ನು ಹಿಡಿಯುತ್ತಿತ್ತು. ಬರೆಯುವವರು ಮಕಾರವನ್ನು ಒಂದೇ ಕೀಲಿಯಿಂದ ಒತ್ತಿದರೂ ಕಡತದಲ್ಲಿ ಅದು ಮೂರು ತುಂಡು: ವಕಾರದ ಒಡಲು, ತಲೆಕಟ್ಟು, ಬಾಲ. ಯಕಾರದ ಮೊದಲ ತುಂಡು ಸೊನ್ನೆ. ಅನುಸ್ವಾರಕ್ಕೆ ಬಳಸುವ ಸೊನ್ನೆಯೇ ಅಲ್ಲಿಯೂ ಬರುತ್ತದೆ. ಕಾಗದದ ಮೇಲೆ ಮುದ್ರಿಸುವಷ್ಟಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಗಣಕಕ್ಕೆ ಅಲ್ಲಿ ಕನ್ನಡವಿದೆ ಎಂಬುದೇ ತಿಳಿದಿರುವುದಿಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ತುಂಡುಗಳ ಲೆಕ್ಕದಲ್ಲಿ ಜೋಡಿಸುತ್ತದೆ.

ಧ್ವನಿಯನ್ನೇ ಹಿಡಿದಿಡುವ ದಾರಿಯನ್ನು ಅದಾಗಲೇ ಬೇರೆ ಕಡೆ ಕಡಿದಿದ್ದರು. 1988ರಲ್ಲಿ ಸಿದ್ಧವಾಗಿ 1991ರಲ್ಲಿ ಪರಿಷ್ಕೃತವಾದ ಭಾರತೀಯ ಲಿಪಿಗಳ ಸಂಕೇತ ಮಾನಕವು ಒಂದು ದೊಡ್ಡ ತಿಳಿವನ್ನು ಆಧರಿಸಿತ್ತು. ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ ಎಲ್ಲವೂ ಬ್ರಾಹ್ಮಿಯ ಮಕ್ಕಳು. ವರ್ಣಮಾಲೆಯ ಕ್ರಮ ಒಂದೇ. ಆದ್ದರಿಂದ ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸಂಖ್ಯೆ ಸಾಕು, ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಬೇರೆಯಾಗಿ ಹೇಳಿದರಾಯಿತು. ಜಗತ್ತಿನ ಲಿಪಿಗಳೆಲ್ಲವನ್ನೂ ಒಂದೇ ಪಟ್ಟಿಗೆ ತರುವ ಯೂನಿಕೋಡ್ 1991ರಲ್ಲಿ ಹೊರಬಂದಾಗ ಭಾರತದ ಲಿಪಿಗಳಿಗೆ 1988ರ ಮಾನಕವನ್ನೇ ಅನುಸರಿಸಿತು. ಆದರೆ ಪ್ರತಿ ಲಿಪಿಗೂ 128 ಮನೆಗಳ ಪ್ರತ್ಯೇಕ ಕೇರಿಯನ್ನು ಕೊಟ್ಟಿತು. ತೆಲುಗಿನ ಕೇರಿ ಮುಗಿದಲ್ಲಿಂದ ಕನ್ನಡದ ಕೇರಿ ಆರಂಭ. ತೆಲುಗು ಕಕಾರದ ಸಂಖ್ಯೆ 3093, ಕನ್ನಡ ಕಕಾರದ್ದು 3221. ಅಂತರ 128. ಗಕಾರಕ್ಕೂ ಅಷ್ಟೇ, ಇಕಾರದ ಗುಡಿಸಿಗೂ ಅಷ್ಟೇ, ಅಂಕಿಗಳಿಗೂ ಅಷ್ಟೇ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡಕ್ಕೆ 'ತುಂಗಾ', ತೆಲುಗಿಗೆ 'ಗೌತಮಿ' ಎಂಬ ಯೂನಿಕೋಡ್ ಫಾಂಟುಗಳು ಬಂದವು. ಯಾರು ಇಟ್ಟ ಹೆಸರೋ, ಎರಡು ನಾಡುಗಳ ಎರಡು ನದಿಗಳು.

ಈ ಅಂತರವನ್ನು ತಿಳಿದ ಮೇಲೆ ನಮ್ಮ ಮೊದಲ ಗಂಟು ಒಂದು ಸಂಜೆಯಲ್ಲಿ ಬಿಚ್ಚಿಕೊಂಡಿತು. ತೆಲುಗಿನ ಕೇರಿಯ ಸಂಖ್ಯೆ ಕಂಡರೆ 128 ಕೂಡು, ಬೇರೆ ಯಾವುದನ್ನು ಕಂಡರೂ ಹಾಗೆಯೇ ಬಿಡು ಎಂದು ಹೇಳುವ ಹತ್ತು ಹನ್ನೆರಡು ಸಾಲುಗಳ ತಂತ್ರಾಂಶ. ಒಂಬತ್ತನೆಯ ತರಗತಿಯ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡೇ ಅದನ್ನು ಬರೆದೆವು. ಪಟ್ಟಿಯ ಮೊದಲ ಪುಟ ಕ್ಷಣಮಾತ್ರದಲ್ಲಿ ಕನ್ನಡವಾದಾಗ ಅವರಿಗಿಂತ ಹೆಚ್ಚು ಬೆರಗಾದವರು ಅಧ್ಯಾಪಕರು. ಒಬ್ಬ ಹುಡುಗಿ ಮಾತ್ರ ಒಂದು ಸಂದೇಹವನ್ನು ಎತ್ತಿದಳು: ತೆಲುಗಿನಲ್ಲಿ 'ಮೂರ್ತಿ' ಬರೆಯುವಾಗ ರಕಾರವನ್ನು ಪೂರ್ತಿಯಾಗಿ ಬರೆದು ಅದರ ಕೆಳಗೆ ತಕಾರದ ಒತ್ತನ್ನು ಕೊಡುತ್ತಾರೆ, ನಮ್ಮಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದೆ, ಬರಿಯ ಕೂಡಿಕೆಯಿಂದ ಅದು ಹೇಗೆ ಸರಿಯಾಯಿತು? ಸರಿಯಾದದ್ದು ಏಕೆಂದರೆ ಎರಡು ಲಿಪಿಗಳ ಕಡತದಲ್ಲೂ ಇರುವುದು ಬಾಯಿ ನುಡಿಯುವ ಕ್ರಮ: ರಕಾರ, ವಿರಾಮಚಿಹ್ನೆ, ತಕಾರ, ಇಕಾರದ ಗುಡಿಸು. ಅದನ್ನು ಎಲ್ಲಿ ಹೇಗೆ ಕೂರಿಸಬೇಕೆಂಬುದು ಫಾಂಟಿನ ಹೊಣೆ. ಹಿಂದಿನ ತೆಲುಗಿನಲ್ಲಿಯೂ ನಮ್ಮ ಅರ್ಕಾವೊತ್ತಿನಂಥದೇ ಒಂದು ಗುರುತಿತ್ತು, ಅದನ್ನು ವಲಪಲಗಿಲಕ ಎನ್ನುತ್ತಿದ್ದರು ಎಂದು ನಮ್ಮ ತೆಲುಗು ಅಧ್ಯಾಪಕರು ಆಗ ಹೇಳಿದರು.

ಲಿಪಿ ಬದಲಾಯಿತು, ಹೆಸರುಗಳು ಬದಲಾಗಲಿಲ್ಲ. ತೊಡಕು ಆರಂಭವಾದದ್ದೇ ಅಲ್ಲಿ. ತಂದೆಯ ಹೆಸರು ಹಳೆಯ ದಾಖಲಾತಿ ಪುಸ್ತಕದಲ್ಲಿ ಓಬಳೇಶ ಎಂದಿದ್ದರೆ, ಮಗನ ದಾಖಲೆಯ ತೆಲುಗು ಪಟ್ಟಿಯಲ್ಲಿ ಅದೇ ತಂದೆ ಓಬುಲೇಸು. ಮಂಜುನಾಥನ ಕೊನೆಯ ಅಕಾರ ಬಿದ್ದುಹೋಗಿ ಥಕಾರ ವ್ಯಂಜನವಾಗಿ ನಿಂತಿತ್ತು. ತಂತ್ರಾಂಶವು ಈ ರೂಪಗಳನ್ನು ಒಂದಿಷ್ಟೂ ಕುಂದದಂತೆ ಕನ್ನಡಕ್ಕೆ ತಂದಿತು. ಓಬುಲೇಸುಗಳನ್ನೆಲ್ಲ ಓಬಳೇಶ ಎಂದು ತಿದ್ದುವ ಇನ್ನೊಂದು ಸಾಲನ್ನು ಸೇರಿಸೋಣವೆಂದು ನಮ್ಮಲ್ಲಿ ಕೆಲವರು ಹೇಳಿದರು. ಹಿರಿಯ ಅಧ್ಯಾಪಕರೊಬ್ಬರು ಒಪ್ಪಲಿಲ್ಲ. ಮನೆಯಲ್ಲಿ ತೆಲುಗಾಡುವ ಮಕ್ಕಳೂ ನಮ್ಮ ಶಾಲೆಯಲ್ಲಿ ಓದಿದ್ದಾರೆ; ಓಬುಲೇಸು ಎಂಬುದೇ ಅವರ ಹೆಸರಾಗಿದ್ದರೆ ಅದನ್ನು ತಿದ್ದಲು ನಾವು ಯಾರು ಎಂದರು. ಅವರ ಮಾತೇ ಸರಿಯೆಂದು ಈಗ ನಮ್ಮೆಲ್ಲರ ಅಭಿಪ್ರಾಯ. ಎರಡು ವಾರ ಮನೆಮನೆಗೆ ಹೋಗಿ, ದೂರದವರಿಗೆ ದೂರವಾಣಿ ಮಾಡಿ, ಅವರವರು ಸಹಿ ಮಾಡುವ ರೂಪವನ್ನು ಕೇಳಿ ಬರೆದುಕೊಂಡೆವು. ಪಟ್ಟಿಯಲ್ಲಿ ಒಂದೇ ಮನೆತನದ ಹೆಸರು ಎರಡು ರೂಪಗಳಲ್ಲಿ ಕಂಡರೆ ಓದುಗರು ಅದನ್ನು ಅಚ್ಚಿನ ತಪ್ಪೆಂದು ಎಣಿಸಬಾರದು.

ಈ ನಡುವೆ ಮಕ್ಕಳು ತಂತ್ರಾಂಶವನ್ನು ಪರೀಕ್ಷಿಸಲು ತೆಲುಗು ಕೇರಿಯ ಎಲ್ಲ ಮನೆಗಳನ್ನೂ ಸಾಲಾಗಿ ಅದಕ್ಕೆ ಉಣಿಸಿದರು. ಕೆಲವು ಕಡೆ ಅಕ್ಷರದ ಬದಲು ಖಾಲಿ ಚೌಕ ಬಂತು. ಅವುಗಳಲ್ಲಿ ಒಂದು, 2014ರಲ್ಲಷ್ಟೇ ತೆಲುಗಿನ ಕೇರಿಗೆ ಸೇರಿದ ಪ್ರಾಚೀನ ಅಕ್ಷರ. ಅದರ ಸಂಖ್ಯೆ 3124. ಅದಕ್ಕೆ 128 ಕೂಡಿದರೆ ಬರುವ 3252ರಲ್ಲಿ ಕನ್ನಡದ ಯಾವ ಅಕ್ಷರವೂ ಇಲ್ಲ. ಆ ಅಕ್ಷರ ಕನ್ನಡದಲ್ಲಿ ಇಲ್ಲವೆಂದಲ್ಲ. ಅದು ಹಳಗನ್ನಡದ ೞಕಾರ, ಕೇಶಿರಾಜನು ರಳವೆಂದು ಹೆಸರಿಸಿ ಕುಳದಿಂದಲೂ ಕ್ಷಳದಿಂದಲೂ ಬೇರ್ಪಡಿಸಿದ ಅಕ್ಷರ. ಕನ್ನಡದ ಕೇರಿಯಲ್ಲಿ ಅದು ತನ್ನ ಸರಿಯಾದ ಜಾಗವನ್ನು ಬಿಟ್ಟು ಬಹಳ ದೂರದಲ್ಲಿ, 3294ನೆಯ ಮನೆಯಲ್ಲಿ ಕುಳಿತಿದೆ. ಇನ್ನೂ ಸೋಜಿಗವೆಂದರೆ ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ಕನ್ನಡದ 'ಫ' ಅಕ್ಷರವೆಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮ.  ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವೆಂದು ಪಕ್ಕದಲ್ಲಿ ಬರೆದು ತಪ್ಪನ್ನು ತಪ್ಪಾಗಿಯೇ ಉಳಿಸಿದ್ದಾರೆ.

ನೊಳಂಬರ ಕಾಲದ ಕನ್ನಡದಲ್ಲಿ ಈ ಅಕ್ಷರ ಜೀವಂತವಾಗಿತ್ತು. ಇಂದಿನ 'ಏಳು' ಆಗ 'ಏೞ್'. ಕನ್ನಡದಲ್ಲಿ ೞಕಾರ ಕಾಲಕ್ರಮದಲ್ಲಿ ಳಕಾರವಾಯಿತು, ತೆಲುಗಿನಲ್ಲಿ ಡಕಾರವಾಯಿತು. ಹೇಮಾವತಿಯ ಮಕ್ಕಳು ಅಂಗಡಿಯಲ್ಲಿ ಒಬ್ಬರೊಡನೆ 'ಏಳು' ಎಂದು, ಇನ್ನೊಬ್ಬರೊಡನೆ 'ಏಡು' ಎಂದು ಲೆಕ್ಕ ಹೇಳುವಾಗ ಅದೇ ಅಕ್ಷರದ ಎರಡು ಕವಲುಗಳನ್ನು ನುಡಿಯುತ್ತಿರುತ್ತಾರೆ. ತಂತ್ರಾಂಶದಲ್ಲಿ ಈ ಒಂದು ಅಕ್ಷರಕ್ಕಾಗಿ ಪ್ರತ್ಯೇಕ ಸಾಲನ್ನು ಬರೆಯಬೇಕೆಂದು ಮಕ್ಕಳು ಹಟ ಹಿಡಿದರು. ನಮ್ಮ ಪಟ್ಟಿಯ ಯಾವ ಹೆಸರಿನಲ್ಲೂ ಆ ಅಕ್ಷರವಿಲ್ಲ. ಆದರೂ ಬರೆದೆವು.

ಇನ್ನು ಗುರುಗಳ ಲೇಖನ. ಇಲ್ಲಿ ಕೂಡಿಕೆಯ ಉಪಾಯ ನಡೆಯದು. ಆಕಾರದಿಂದ ಧ್ವನಿಯನ್ನು ಮರಳಿ ಪಡೆಯಬೇಕು. ಇದಕ್ಕೆಂದು ಸಿದ್ಧ ಪರಿವರ್ತಕಗಳಿವೆ. ನಾವು ಪ್ರಯತ್ನಿಸಿದ ಒಂದರಲ್ಲಿ ಬಹುಪಾಲು ಸರಿಯಾಗಿ ಬಂದರೂ ಅರ್ಕಾವೊತ್ತುಗಳು ಅಲ್ಲಲ್ಲಿ ಚೆಲ್ಲಿಹೋಗಿದ್ದವು. ಕಡೆಗೆ ನಾವೇ ಬರೆಯತೊಡಗಿದೆವು. ಅದರ ಮೊದಲ ನಿಯಮ, ಉದ್ದನೆಯ ಗುಂಪನ್ನು ಮೊದಲು ಹುಡುಕಬೇಕೆಂಬುದು. ಸೊನ್ನೆ ಕಂಡೊಡನೆ ಅನುಸ್ವಾರವೆಂದು ತೀರ್ಮಾನಿಸಿದರೆ ಯಕಾರಗಳೆಲ್ಲ ಒಡೆದುಹೋಗುತ್ತವೆ. ವಕಾರ ಕಂಡೊಡನೆ ನಿಂತರೆ ಮಕಾರದ ಬಾಲ ಅನಾಥವಾಗುತ್ತದೆ. ಎರಡನೆಯದು ಅರ್ಕಾವೊತ್ತಿನದು. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ಬಳಿಕ ಇರುತ್ತದೆ. ಹೊಸದರಲ್ಲಿ ಅದು ರಕಾರವಾಗಿ, ತನ್ನ ಮುಂದಿನ ಇಡೀ ಗುಣಿತಾಕ್ಷರವನ್ನು ದಾಟಿ ಹಿಂದಕ್ಕೆ ಹೋಗಬೇಕು. 'ಮೂರ್ತಿ'ಯಲ್ಲಿ ತಕಾರವನ್ನೂ ಗುಡಿಸನ್ನೂ ದಾಟಬೇಕು. ಈ ಒಂದು ದಾಟುವಿಕೆ ನಮ್ಮಿಂದ ಮೂರು ರಾತ್ರಿಗಳನ್ನು ತೆಗೆದುಕೊಂಡಿತು. ನಾಲ್ಕನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಗುರುಗಳ ಮೊದಲ ವಾಕ್ಯ ಕಾಣಿಸಿತು. ಅವರು ತರಗತಿಯಲ್ಲಿ ಪಾಠವನ್ನು ಆರಂಭಿಸುತ್ತಿದ್ದ ಧಾಟಿಯೇ ಅದು. ಸ್ವಲ್ಪ ಹೊತ್ತು ನಾವು ಯಾರೂ ಮಾತನಾಡಲಿಲ್ಲ.

ಆ ಲೇಖನ ಮುಂದಿನ ಪುಟಗಳಲ್ಲಿದೆ. ಕಾಗುಣಿತವನ್ನು ಅವರು ಬರೆದಂತೆಯೇ ಉಳಿಸಿದ್ದೇವೆ. ಸಿ.ಡಿ. ಕೆಟ್ಟಿದ್ದ ಕಾರಣ ಎರಡು ಕಡೆ ಕಡತದಲ್ಲಿ ಏನೂ ಉಳಿದಿಲ್ಲ. ಅಲ್ಲಿ ಚುಕ್ಕಿಗಳನ್ನು ಹಾಕಿದ್ದೇವೆ. ಎರಡೂ ಹೆಸರುಗಳಿರಬೇಕಾದ ಜಾಗಗಳು: ಶಾಲೆಗೆ ಕಟ್ಟಡವಿಲ್ಲದಿದ್ದಾಗ ಮೊದಲ ತರಗತಿಗೆಂದು ತಮ್ಮ ಮನೆಯ ಜಗಲಿಯನ್ನು ಬಿಟ್ಟುಕೊಟ್ಟವರ ಹೆಸರು, ಆ ಜಗಲಿಯಲ್ಲಿ ಮೊದಲು ಪಾಠ ಹೇಳಿದವರ ಹೆಸರು. ಊರಿನ ಹಿರಿಯರಲ್ಲಿ ಯಾರಿಗಾದರೂ ನೆನಪಿದ್ದರೆ ದಯಮಾಡಿ ಶಾಲೆಯ ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ. ಯಾವ ಲಿಪಿಯಲ್ಲಿ ಬರೆದರೂ ಆದೀತು.